ಇನ್ನೂರ ನಲವತ್ತೆಂಟನೇ ಪುಟ

ಗುರುವಾರ ಬಂತೆಂದರೆ ನನ್ನ ಗ್ರಂಥಾಲಯದಲ್ಲಿ ಓದುವುದು ಯಾರಿಂದಲೂ ಆಗುವುದಿಲ್ಲ. ಗೋಡೆಯಾಚೆ ಆರೋಗ್ಯ ಉಪಕೇಂದ್ರವಿದೆ, ಅಂದು ಅಲ್ಲಿ ಮಕ್ಕಳಿಗೆ ಲಸಿಕೆ. ಒಂದು ಕೂಸು ಅತ್ತರೆ ಸಾಲಿನಲ್ಲಿರುವ ಹತ್ತು ಕೂಸುಗಳೂ ಅಳುತ್ತವೆ. ಪೇಪರ್ ಓದಲು ಬಂದ ಹಿರಿಯರು ನನ್ನ ಮೇಲೆ ಹರಿಹಾಯುತ್ತಾರೆ, ಅಷ್ಟೂ ಕೂಸುಗಳನ್ನು ನಾನೇ ಹೆತ್ತಿದ್ದೇನೆ ಎನ್ನುವ ಹಾಗೆ. ಹೀಗಾಗಿ ಒಮ್ಮೆ ಸಾಲಾಗಿ ಎರಡು ಗುರುವಾರ ಸದ್ದಿಲ್ಲದೆ ಕಳೆದಾಗ ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ಒಂದು ನಿದ್ದೆ ಕೂಡ ತೆಗೆದೆ.

ಮೂರನೇ ಗುರುವಾರ ಯಾಕೋ ಅನುಮಾನ ಬಂದು ಹೊರಗೆ ಹೋಗಿ ನೋಡಿದೆ. ಉಪಕೇಂದ್ರದ ಕಟ್ಟೆಯ ಮೇಲೆ ಸುಧಾರಾಣಿ ಸಿಸ್ಟರ್ ಒಬ್ಬರೇ ಕುಳಿತಿದ್ದರು. ಪಕ್ಕದಲ್ಲಿ ಲಸಿಕೆಯ ನೀಲಿ ಡಬ್ಬಿ ಮುಚ್ಚಿಕೊಂಡೇ ಇತ್ತು. ಸವಣೂರಿನ ಕಡೆಯ ಹೆಣ್ಣುಮಗಳು ಆಕೆ. ಹನ್ನೊಂದು ವರ್ಷದಿಂದ ನಮ್ಮೂರಲ್ಲೇ ಇದ್ದಾರೆ. ಹಾನಗಲ್ಲಿಂದ ತಿಳವಳ್ಳಿ ಬಸ್ಸು ಹಿಡಿದು ನಡುದಾರಿಯಲ್ಲಿ ಇಳಿಯಬೇಕಾದ ಊರು ನಮ್ಮದು. ಇಂಥಲ್ಲಿ ಅಷ್ಟು ವರ್ಷ ಬೇರೆ ಯಾವ ಸಿಸ್ಟರೂ ನಿಂತಿರಲಿಲ್ಲ.

“ಯಾಕ ಸಿಸ್ಟರ್, ಇವತ್ತ ಸೂಟಿ ಏನ್ರಿ?” ಎಂದೆ.

“ನನಗ ಸೂಟಿ ಇಲ್ರಿ ಶೈಲಕ್ಕ. ಮಂದಿ ಸೂಟಿ ಕೊಟ್ಟಾರ,” ಎಂದರು. “ಮನಿಮನಿಗೆ ಹೋಗಿ ಕರದು ಬಂದೆ. ಸರೋಜವ್ವ ಮೊಮ್ಮಗನ್ನ ಸೆರಗಿನಾಗ ಮುಚ್ಚಿಕೊಂಡು ಬಾಗಲಾ ಹಾಕಿದಳು. ಏನಾತವ್ವಾ ಅಂದ್ರ, ನಿನ್ನ ಬಗ್ಗೆ ಪುಸ್ತಕದಾಗ ಬಂದೈತಿ, ಲೈಬ್ರರಿಯಾಗ ಐತಿ ಅಂತಾಳ. ಯಾವ ಪುಸ್ತಕರಿ ಅದು?”

ನನಗೆ ಮೈಯೆಲ್ಲ ಉರಿಯಿತು. ಒಂಬತ್ತು ತಿಂಗಳ ಕೂಸಿಗೆ ದಡಾರದ ಲಸಿಕೆ ತಪ್ಪಿಸಿ ಕೂರಿಸಲು ಪುಸ್ತಕದ ಹೆಸರು ಹೇಳುತ್ತಾರೆಯೇ? ಅದೂ ನನ್ನ ಗ್ರಂಥಾಲಯದ ಪುಸ್ತಕದ ಹೆಸರು?

ಯಾವ ಪುಸ್ತಕವೆಂದು ಹುಡುಕುವುದೇನೂ ಕಷ್ಟವಾಗಲಿಲ್ಲ. ಈ ಮೂರು ತಿಂಗಳಲ್ಲಿ ನಮ್ಮೂರವರು ಕಪಾಟಿಗೆ ಮರಳಲು ಬಿಡದೆ ಕೈಯಿಂದ ಕೈಗೆ ಒಯ್ದದ್ದು ಒಂದೇ ಒಂದು, ‘ಎಡಗೈ ಸೂಜಿ’. ಯಾವನೋ ಡಾಕ್ಟರ್ ಬರೆದ ಕಾದಂಬರಿ, ಕಥೆಯನ್ನು ಓದಿದವರ ಬಾಯಲ್ಲಿ ಕೇಳಿದ್ದೆ. ಒಂದು ಸಣ್ಣ ಊರಿನ ದವಾಖಾನೆಯಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಸಾಯುತ್ತಾರೆ. ಅಲ್ಲಿ ದೇವರಂಥ ಡಾಕ್ಟರೊಬ್ಬ, ಎಡಗೈಯಲ್ಲಿ ಸೂಜಿ ಮಾಡುವ ನರ್ಸೊಬ್ಬಳು. ಕೊನೆಗೆ ಪೊಲೀಸರು ಆ ನರ್ಸನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಸುಧಾರಾಣಿ ಸಿಸ್ಟರ್ ಎಡಚಿ. ಊಟವೊಂದು ಬಿಟ್ಟು ಎಲ್ಲ ಕೆಲಸವೂ ಅವರಿಗೆ ಎಡಗೈಯಲ್ಲೇ ಆಗಬೇಕು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮೊದಲೆಲ್ಲ ಓದುಗರು ಪುಸ್ತಕದ ಅಂಚಿನಲ್ಲಿ ಸಿಕ್ಕಸಿಕ್ಕಲ್ಲಿ ಗೀಚುತ್ತಿದ್ದರು. ಕೊಲೆಯ ಕಥೆಯಾದರಂತೂ ಮೊದಲ ಪುಟದಲ್ಲೇ ‘ಕೊಂದವನು ಮಾವ’ ಎಂದು ಬರೆದಿಡುತ್ತಿದ್ದರು. ಆ ಕಾಟ ತಡೆಯಲಾರದೆ ನಾನೇ ಪ್ರತಿ ಪುಸ್ತಕದ ಕೊನೆಗೆ ಗೆರೆ ಎಳೆದ ಹಾಳೆ ಅಂಟಿಸಿ ಮೇಲೆ ‘ಓದುಗರ ಅಭಿಪ್ರಾಯ’ ಎಂದು ಬರೆಯತೊಡಗಿದೆ. ಕೊನೆಯ ಪುಟದಲ್ಲಿ ಹೇಗೂ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಇರುತ್ತದೆ, ಅದನ್ನು ಯಾರು ಓದುತ್ತಾರೆ? ಅದರ ಮೇಲೆಯೇ ಮೈದಾಹಿಟ್ಟಿನ ಅಂಟು ಬಳಿದು ಹಾಳೆ ಒತ್ತಿಬಿಡುತ್ತೇನೆ. ಹಾವೇರಿಯಿಂದ ಬಂದ ಅಧಿಕಾರಿಯೊಬ್ಬರು ಇದನ್ನು ನೋಡಿ ಮೆಚ್ಚಿ ಫೋಟೋ ಹೊಡೆದುಕೊಂಡು ಹೋಗಿದ್ದರು. ನನಗೆ ಅದರ ಜಂಬವೂ ಇತ್ತು.

ಅಂದು ಬೆಳಿಗ್ಗೆಯೇ ಮರಳಿ ಬಂದಿದ್ದ ‘ಎಡಗೈ ಸೂಜಿ’ಯ ಹಾಳೆ ಬಹುತೇಕ ತುಂಬಿ ಹೋಗಿತ್ತು. ನಿಂತಲ್ಲೇ ಓದಿದೆ.

‘ಡಾಕ್ಟರ್ ಪಾತ್ರ ಬಂಗಾರದಂಥದ್ದು. ಇಂಥವರು ಇದ್ದರೆ ಬಡವರು ಬದುಕುತ್ತಾರೆ.’

‘ನರ್ಸ್ ಎಡಗೈಲೆ ಸೂಜಿ ಮಾಡುತ್ತಾಳೆ. ನಮ್ಮಲ್ಲೂ ಒಬ್ಬರು ಇದ್ದಾರೆ. ಹೆಸರು ಬೇಡ.’

‘ಹೆಸರು ಹೇಳದಿದ್ದರೂ ಗೊತ್ತಾಯಿತು.’

‘ಸರೋಜವ್ವನ ಮೊಮ್ಮಗನಿಗೆ ಸೂಜಿ ಮಾಡಿದ ದಿನವೇ ಜ್ವರ ಬಂತು. ವಿಚಾರ ಮಾಡಿರಿ.’

ಲಸಿಕೆ ಹಾಕಿದ ಮೇಲೆ ಜ್ವರ ಬರುತ್ತದೆ ಮಾರಾಯರೇ! ಬರುತ್ತದೆ ಎಂದು ಹೇಳಿ, ಗುಳಿಗೆ ಕೊಟ್ಟು, ಸಂಜೆ ಮನೆಗೇ ಬಂದು ಹಣೆ ಮುಟ್ಟಿ ನೋಡಿ ಹೋಗುವವರು ಇದೇ ಸಿಸ್ಟರ್. ಅದನ್ನು ಯಾವನಾದರೂ ಒಂದು ಸಾಲು ಬರೆದಿದ್ದಾನೆಯೇ? ಇಲ್ಲ.

‘ಹೆಸರು ಬೇಡ’ ಎಂದು ಬರೆದ ದುಂಡಗಿನ ಅಕ್ಷರ ನಿವೃತ್ತ ಶಿಕ್ಷಕ ಮೃತ್ಯುಂಜಯ ಮಾಸ್ತರರದ್ದು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಗ್ರಂಥಾಲಯದ ಬಾಗಿಲು ಎಳೆದು ಸೀದಾ ಅವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು.

“ಮಾಸ್ತರ್ರ, ನಾಕು ಮಂದಿಗೆ ಅಕ್ಷರ ಕಲಿಸಿದವರು ನೀವು. ಇದನ್ನ ಬರಿಯಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ?”

ಅವರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು. “ಇದರಾಗ ತಪ್ಪೇನೈತಿ? ನಾ ಹೆಸರು ಬರದಿಲ್ಲಲ್ಲ.”

“ಊರಾಗ ಎಷ್ಟು ಮಂದಿ ಎಡಚಿ ಸಿಸ್ಟರ್ ಅದಾರ?”

“ಒಬ್ಬರ.”

“ಮತ್ತ?”

“ಅದು ಅಭಿಪ್ರಾಯ ಶೈಲಾ. ಅಭಿಪ್ರಾಯ ಬರೀರಿ ಅಂತ ಹಾಳಿ ಅಂಟಿಸಿದಾಕಿ ನೀನ. ಈಗ ನೀನ ಬಂದು ಜಗಳಾ ತಗೀತಿ,” ಎಂದು ಹಾಳೆಯ ತುದಿಗೆ ಬೆರಳಿಟ್ಟರು. “ಎಲ್ಲಾರಕಿಂತ ಮ್ಯಾಲಿನ ಸಾಲು ಯಾರದು ನೋಡು. ನಾವೆಲ್ಲಾ ಅದನ್ನ ಓದೇ ಮುಂದ ಬರದೇವಿ.”

ಮೇಲಿನ ಸಾಲು ಹೀಗಿತ್ತು: ‘ತಪ್ಪದೆ ಓದಿ. ಓದುವಾಗ ನಮ್ಮೂರಿನ ದವಾಖಾನೆಯೇ ಕಣ್ಣ ಮುಂದೆ ಬಂದಂತಾಯಿತು.’

ಅಕ್ಷರ ನನ್ನದು. ಹೊಸ ಪುಸ್ತಕದ ಬರಿ ಹಾಳೆ ನೋಡಿ ಯಾರೂ ಮೊದಲು ಬರೆಯುವುದಿಲ್ಲ, ಹಾಗಾಗಿ ಪ್ರತಿ ಪುಸ್ತಕದ ಮೊದಲ ಅಭಿಪ್ರಾಯವನ್ನು ನಾನೇ ಬರೆಯುತ್ತೇನೆ. ಅಷ್ಟೂ ಪುಸ್ತಕಗಳನ್ನು ಓದಿ ಬರೆಯಲು ನನಗೆ ಪುರುಸೊತ್ತಾದರೂ ಎಲ್ಲಿದೆ? ಈ ಪುಸ್ತಕದ ಹದಿನೈದು ಇಪ್ಪತ್ತು ಪುಟ ತಿರುವಿದ್ದೆ. ದವಾಖಾನೆಯ ಮುಂದಿನ ಬೇವಿನ ಗಿಡ, ತುಕ್ಕು ಹಿಡಿದ ಗೇಟು ಓದಿ ನಮ್ಮೂರಿನಂತೆಯೇ ಇದೆ ಎನ್ನಿಸಿತ್ತು, ಬರೆದಿದ್ದೆ. ಆ ನರ್ಸಿನ ಪಾತ್ರ ಬರುವವರೆಗೆ ನಾನು ಹೋಗಿರಲೇ ಇಲ್ಲ. ಪುಸ್ತಕ ಮುಚ್ಚಿ ಅಲ್ಲಿಂದ ಬಂದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ, ಅದನ್ನು ಯಾರ ಮೇಲೆ ಹಾಕುವುದೆಂದು ಗೊತ್ತಾಗಲಿಲ್ಲ.

ಮರುದಿನ ಸಿಸ್ಟರ್ ಗ್ರಂಥಾಲಯಕ್ಕೆ ಬಂದು ಆ ಪುಸ್ತಕ ಕೇಳಿದರು.

“ಬ್ಯಾಡ್ರಿ. ಓದಿದ್ರ ಸುಮ್ನ ಹೊಟ್ಟಿ ಉರೀತೈತಿ,” ಎಂದೆ.

“ಊರ ಮಂದಿಯೆಲ್ಲಾ ಓದ್ಯಾರ. ನನ್ನ ಬಗ್ಗೆ ಐತಿ ಅಂದಮ್ಯಾಲ ನಾನೂ ಓದಬೇಕಲ್ರಿ?” ಎಂದು ಎಡಗೈಯಲ್ಲಿ ಸಹಿ ಮಾಡಿ ಒಯ್ದರು.

ಸೋಮವಾರ ಬಂದಾಗ ಅವರ ಜೊತೆ ಒಂದು ಸ್ಟೀಲಿನ ಬಟ್ಟಲು, ಹತ್ತಿಯ ಉಂಡೆ, ಸಣ್ಣ ಇಕ್ಕಳ ಇದ್ದವು. ಪುಸ್ತಕದ ಮೊದಲಿಗಿರುವ ಪರಿವಿಡಿ ತೆರೆದು ತೋರಿಸಿದರು. “ಇಲ್ಲಿ ನೋಡ್ರಿ. ‘ಕೊನೆಯ ಮಾತು’, ಪುಟ ಇನ್ನೂರ ನಲವತ್ತೆಂಟು. ಆದ್ರ ಪುಸ್ತಕ ಇನ್ನೂರ ನಲವತ್ತೇಳಕ್ಕ ಮುಗಿದೈತಿ. ಔಷಧದ ಬಾಟ್ಲಿ ಓದಿ ಓದಿ ನನಗ ಹಿಂದುಮುಂದು ಎಲ್ಲಾ ನೋಡೂ ಚಟ.”

ಪುಸ್ತಕ ಇಸಿದುಕೊಂಡು ತಿರುವಿ ನೋಡಿದೆ. ಇನ್ನೂರ ನಲವತ್ತೇಳರ ಹಿಂಬದಿಗೇ ನನ್ನ ಹಾಳೆ ಕುಳಿತಿತ್ತು. ಪ್ರಕಾಶಕ ಕಾಗದ ಉಳಿಸಲು ಪುಸ್ತಕಗಳ ಪಟ್ಟಿಯನ್ನೇ ಕೈಬಿಟ್ಟು ಕಥೆಯನ್ನು ಕೊನೆಯ ಪುಟದವರೆಗೂ ತುರುಕಿದ್ದ. ನಾನು ನೋಡದೆ ಅದರ ಮೇಲೆ ಅಂಟು ಬಳಿದಿದ್ದೆ.

ಸಿಸ್ಟರ್ ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಹಾಳೆಯ ಅಂಚಿಗೆ ಒತ್ತಿ ಹಿಡಿದರು. ಗಾಯಕ್ಕೆ ಅಂಟಿಕೊಂಡ ಪಟ್ಟಿಯನ್ನು ನೋವಾಗದಂತೆ ಬಿಡಿಸುವ ಕೈ ಅದು. ಎಡಗೈ. ಅರ್ಧ ತಾಸು ಹಿಡಿಯಿತು. ಒಂದು ಅಕ್ಷರವೂ ಕಿತ್ತುಹೋಗದಂತೆ ಹಾಳೆ ಇಡಿಯಾಗಿ ಎದ್ದು ಬಂತು. ಅದರ ಕೆಳಗಿದ್ದ ಪುಟವನ್ನು ನಾನೇ ಗಟ್ಟಿಯಾಗಿ ಓದಿದೆ.

ನರ್ಸು ಯಾರನ್ನೂ ಕೊಂದಿರಲಿಲ್ಲ. ಸತ್ತವರ ಔಷಧದ ಚೀಟಿಗಳನ್ನು ಒಂದೊಂದಾಗಿ ಕೂಡಿಟ್ಟು ಪೊಲೀಸರಿಗೆ ಮುಟ್ಟಿಸಿದವಳೇ ಅವಳು. ಜೀಪಿನಲ್ಲಿ ಹೋದದ್ದು ಸಾಕ್ಷಿ ಹೇಳಲು. ಕೊಂದವನು ಆ ಬಂಗಾರದಂಥ ಡಾಕ್ಟರು.

ನಾನು ಕುರ್ಚಿಯಿಂದ ಹಾರಿ ಎದ್ದೆ. “ಸಿಸ್ಟರ್, ಗೆದ್ರಿ ನೀವು!” ಎಂದು ಕೂಗಿದೆ. ಅವರು ಬಟ್ಟಲಿನ ನೀರನ್ನು ಹೊರಗೆ ಚೆಲ್ಲಿ ಬಂದರು.

ಆ ದಿನದಿಂದಲೇ ಪುಸ್ತಕ ಹಿಡಿದು ಮನೆಮನೆಗೆ ಹೋದೆ. ನಿಂತು, ಕೊನೆಯ ಪುಟ ಓದಿ ಹೇಳಿ, ಮುಂದಿನ ಮನೆಗೆ ನಡೆದೆ. ನನ್ನ ಅಂಟಿನ ಕಥೆಯನ್ನೂ ಮುಚ್ಚಿಡಲಿಲ್ಲ. ಬೈದವರ ಬೈಗುಳ ತಿಂದೆ. ಮಾಸ್ತರರು ಮಾತ್ರ ಬೈಯಲಿಲ್ಲ. “ನನಗ ಆ ಡಾಕ್ಟರ್ ಮ್ಯಾಲ ಮೊದಲಿಂದ ಸಂಶಯ ಇತ್ತು ಬಿಡು,” ಎಂದರು. ಅವರ ಮುಖದ ಮೇಲೆ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ.

ಗುರುವಾರ ಉಪಕೇಂದ್ರದ ಮುಂದೆ ಜಾತ್ರೆಯಷ್ಟು ಮಂದಿ. ಸರೋಜವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಿಂದೆ ದರ್ಜಿ ಇಸ್ಮಾಯಿಲಸಾಬರ ಸೊಸೆ ಸುಮಯ್ಯ ಅವಳಿ ಕೂಸುಗಳನ್ನು ಎತ್ತಿಕೊಂಡಿದ್ದಳು. ಅಳು, ಗದ್ದಲ. ಗ್ರಂಥಾಲಯದಲ್ಲಿ ಪೇಪರ್ ಓದುವವರು ಮತ್ತೆ ನನ್ನ ಮೇಲೆ ಹರಿಹಾಯ್ದರು. ನಾನು ನಗುನಗುತ್ತ ಕಟ್ಟೆಗೆ ಹೋಗಿ ನಿಂತೆ.

ಸರೋಜವ್ವ ಮೊಮ್ಮಗನ ತೋಳನ್ನು ಮುಂದೆ ಹಿಡಿದು, “ಸಿಟ್ಟ ಮಾಡ್ಕೋಬ್ಯಾಡ್ರಿ ಸಿಸ್ಟರ್. ಪುಸ್ತಕದಾಗ ನೀವು ಛಲೋ ಅದೀರಿ ಅಂತ ಈಗ ಗೊತ್ತಾತು,” ಎಂದಳು.

ಸಿಸ್ಟರ್ ಸೂಜಿ ಮಾಡಿ, ಹತ್ತಿ ಒತ್ತಿ ಹಿಡಿದು, ಆಮೇಲೆ ತಲೆ ಎತ್ತಿದರು. “ಸರೋಜವ್ವ, ಈ ಕೂಸಿನ ಹೆರಿಗಿ ಯಾರು ಮಾಡಿಸಿದ್ರು?”

“ನೀವರಿ.”

“ಇದರ ಅಪ್ಪಗ ಹಾವು ಕಡದಾಗ ಹಾನಗಲ್ಲಿಗೆ ಯಾರು ಕರಕೊಂಡು ಹೋದ್ರು?”

“ನೀವರಿ, ಮತ್ಯಾರು?”

“ಇಷ್ಟೆಲ್ಲಾ ಗೊತ್ತಿತ್ತು. ಆದ್ರೂ ನಾ ಛಲೋ ಅದೇನಿ ಅಂತ ತಿಳ್ಕೊಳ್ಳಾಕ ಪುಸ್ತಕ ಬೇಕಾತು.”

ಸರೋಜವ್ವ ಕೂಸನ್ನು ಎದೆಗೊತ್ತಿಕೊಂಡು ಪಕ್ಕಕ್ಕೆ ಸರಿದಳು. ಸಿಸ್ಟರ್ ಮುಂದಿನ ಕೂಸಿನ ಹೆಸರು ಕೇಳಿದರು.

ಮಧ್ಯಾಹ್ನ ಮಂದಿಯೆಲ್ಲ ಹೋದ ಮೇಲೆ ಹೇಳಿದರು, ಹಿರೇಕೆರೂರು ಕಡೆಗೆ ವರ್ಗ ಕೇಳಿ ಅರ್ಜಿ ಕೊಟ್ಟು ಹದಿನೈದು ದಿನ ಆಗಿದೆ, ಹಂಸಭಾವಿಯ ಹತ್ತಿರ ಒಂದು ಜಾಗ ಖಾಲಿ ಇದೆ ಎಂದು.

“ಈಗ ಎಲ್ಲಾ ಸರಿಹೋತಲ್ರಿ. ಅರ್ಜಿ ಹಿಂದಕ್ಕ ತಗೋರಿ,” ಎಂದು ಅವರ ಕೈ ಹಿಡಿದೆ.

“ಏನು ಸರಿಹೋತ್ರಿ ಶೈಲಕ್ಕ?” ಅವರ ದನಿ ಮೊದಲ ಬಾರಿಗೆ ಏರಿತು. “ಆ ಪುಟದಾಗ ನರ್ಸ ಕೊಂದಾಳ ಅಂತ ಇದ್ದಿದ್ರ? ಬರದಾಂವ ಹಂಗ ಮುಗಿಸಿದ್ದಿದ್ರ? ಇವತ್ತೂ ನಾ ಒಬ್ಬಾಕೆ ಡಬ್ಬಿ ಇಟ್ಕೊಂಡು ಕುಂತಿರ್ತಿದ್ದೆ. ನೀವು ನನ್ನ ಪರವಾಗಿ ಏನು ಓದಿ ಹೇಳ್ತಿದ್ರಿ?”

ಹಿಡಿದಿದ್ದ ಅವರ ಕೈ ಬಿಟ್ಟೆ. ಮೂರು ದಿನ ಮನೆಮನೆ ತಿರುಗಿದ್ದೆನಲ್ಲ, ಒಂದು ಮನೆಯಲ್ಲೂ ಆ ಹನ್ನೊಂದು ವರ್ಷದ ಮಾತು ಎತ್ತಿರಲಿಲ್ಲ. ಎಲ್ಲ ಕಡೆ ಓದಿದ್ದು ಆ ಕಾದಂಬರಿಯ ಪುಟವನ್ನೇ.

ಮುಂದಿನ ತಿಂಗಳು ಅವರು ಹೋದರು. ಹೋಗುವ ದಿನ ಗ್ರಂಥಾಲಯಕ್ಕೆ ಬಂದು, ನಾನು ಈ ಸಲ ರಟ್ಟಿನ ಒಳಬದಿಗೆ ಅಂಟಿಸಿದ್ದ ಅದೇ ಹಳೆಯ ಹಾಳೆಯ ಕೆಳಗೆ ಉಳಿದಿದ್ದ ಒಂದೇ ಗೆರೆಯಲ್ಲಿ ತಮ್ಮ ಅಭಿಪ್ರಾಯ ಬರೆದರು. ‘ಪುಸ್ತಕ ಚೆನ್ನಾಗಿದೆ. ಓದಿದವರು ಸರಿ ಇಲ್ಲ. – ಸುಧಾರಾಣಿ.’

ಈಗ ಹೊಸ ಸಿಸ್ಟರ್ ಬಂದಿದ್ದಾರೆ. ಬಂದ ಮರುದಿನವೇ ಮೃತ್ಯುಂಜಯ ಮಾಸ್ತರರು ಪೇಪರ್ ಓದಲು ಬಂದು, “ಈಕಿ ಬಲಗೈಯಾಕಿ. ನಾ ನೋಡಿ ಬಂದೇನಿ,” ಎಂದರು. ನಾನು ‘ಎಡಗೈ ಸೂಜಿ’ಯನ್ನು ತೆಗೆದು ಆ ಕೊನೆಯ ಸಾಲನ್ನು ಅವರ ಕಣ್ಣ ಮುಂದೆ ಹಿಡಿದೆ. ಅವರು ಎರಡು ಸಲ ಓದಿದರು.

“ಖರೇ ಬರದಾರ ನೋಡು,” ಎಂದು ತಲೆ ಅಲ್ಲಾಡಿಸಿದರು. “ಎಂಥೆಂಥಾ ಮಂದಿ ಓದತಾರ ಅಂತೇನಿ.”

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವರ ಹೆಬ್ಬೆರಳು ಹಾಳೆಯ ತುದಿಯಲ್ಲಿತ್ತು, ನಾನು ಬರೆದ ಮೊದಲ ಸಾಲಿನ ಮೇಲೆ. ಪುಸ್ತಕ ಇಸಿದುಕೊಂಡು ಕಪಾಟಿನಲ್ಲಿಟ್ಟೆ.