ಭಾರ ಎತ್ತದ ಮಗ

"ಎದೆ ಮೇಲೆ ಅಷ್ಟೊಂದು ಹೂ ಹೇರಬೇಡ್ರೋ, ಉಸಿರು ಕಟ್ಟುತ್ತೆ ಅವನಿಗೆ!" ತಾಯಿ ಎರಡೂ ಕೈಯಿಂದ ಹೂಗಳನ್ನು ಬಾಚಿ ಕೆಳಗೆ ಹಾಕಿದಳು.

ಸತ್ತು ಮಲಗಿದ್ದವನು ಅವಳ ಐವತ್ತೆರಡು ವರ್ಷದ ಮಗ, ಗಡಿಯಾರ ರಿಪೇರಿಯವನು. ಒಡೆದದ್ದು ತಲೆಯ ರಕ್ತನಾಳ, ಎದೆಗೆ ಏನೂ ಆಗಿರಲಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಅದು ಅವಳ ತಲೆಗೇ ಹೋಗಿರಲಿಲ್ಲ.

ಬಾಗಿಲಲ್ಲಿ ದಪ್ಪ ಮೀಸೆಯವನೊಬ್ಬ ಚಪ್ಪಲಿ ಬಿಟ್ಟು ನಿಂತ.

"ನಾನು ಮನೆ ಸಾಮಾನು ಸಾಗಿಸೋನು ಅಮ್ಮಾ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಇವರು ನಮ್ಮ ಜೊತೆ ಲಾರೀಲಿ ಬರ್ತಿದ್ರು. ಬೀರು ಹೊತ್ಕೊಂಡು ಮೂರನೇ ಮಹಡಿ ಹತ್ತೋರು. ನಿಮಗ್ಯಾಕೆ ಸ್ವಾಮಿ ಈ ಉಸಾಬರಿ ಅಂದ್ರೆ ನಗ್ತಿದ್ರು."

"ಮನೆ ತಪ್ಪಿ ಬಂದಿದ್ದೀಯಪ್ಪ. ನನ್ನ ಮಗ ಒಂದು ಬಕೆಟ್ ನೀರು ಎತ್ತಿದೋನಲ್ಲ. ಭಾನುವಾರ ಲೈಬ್ರರೀಲಿ ಪೇಪರ್ ಓದ್ತಾ ಕೂತಿರ್ತಾನೆ."

"ಮನೆ ತಪ್ಪಿಲ್ಲ ಅತ್ತೆ," ಎಂದಳು ಕಾಲ ಬಳಿ ಕೂತಿದ್ದ ಸೊಸೆ, ತಲೆ ಎತ್ತದೆ.

* * *

ಹುಟ್ಟಿದ ಇಪ್ಪತ್ತನೇ ದಿನ ಮಗು ಹಾಲು ಬಿಟ್ಟು ಏದುಸಿರು ಬಿಡತೊಡಗಿತ್ತು. ತುಟಿ ನೀಲಿಯಾಗಿತ್ತು. ಎಡ ಶ್ವಾಸಕೋಶದೊಳಗೆ ನಿಂಬೆಹಣ್ಣಿನಷ್ಟು ಗಡ್ಡೆ; ಗರ್ಭದಲ್ಲೇ ಬೆಳೆದದ್ದು, ಅಪರೂಪಕ್ಕೆ ಹೀಗಾಗುತ್ತದೆ ಎಂದ ಸರ್ಜನ್ ಶ್ವಾಸಕೋಶದ ಒಂದು ಭಾಗದ ಸಮೇತ ಅದನ್ನು ಕತ್ತರಿಸಿ ತೆಗೆದರು.

"ಐದು ವರ್ಷ ತುಂಬಿದಾಗ ಕರ್ಕೊಂಡು ಬನ್ನಿ, ಉಳಿದದ್ದು ಹೇಗೆ ಬೆಳೆದಿದೆ ನೋಡೋಣ."

ಐದು ತುಂಬಿದಾಗ ತಾಯಿ ಆಸ್ಪತ್ರೆಯ ಗೇಟಿನವರೆಗೂ ಹೋದಳು. ಏನು ಹೇಳಿಬಿಡುತ್ತಾರೋ ಎಂದು ಹೆದರಿ, ಮಗುವನ್ನು ಎತ್ತಿಕೊಂಡು ಹಿಂದಿರುಗಿದಳು. ಅಲ್ಲಿಂದಾಚೆ ಚೆಂಡಾಟವಿಲ್ಲ, ಈಜಿಲ್ಲ, ಓಟವಿಲ್ಲ. ಕೂತು ಮಾಡುವ ಕೆಲಸವನ್ನೂ ಅವಳೇ ಹುಡುಕಿಕೊಟ್ಟಳು. ಮಗ ಒಂದು ದಿನವೂ ತುಟಿ ಪಿಟಕ್ ಎನ್ನಲಿಲ್ಲ. ಇಂಥ ಮಗ ಯಾರಿಗುಂಟು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

* * *

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ಅತ್ತೆ. ಮದುವೆಯಾದ ವರ್ಷವೇ ಹೋಗಿ ತೋರಿಸ್ಕೊಂಡು ಬಂದ್ವಿ. ಶ್ವಾಸಕೋಶ ಚೆನ್ನಾಗಿ ಬೆಳೆದಿದೆ, ಬೇಕಾದ್ರೆ ಬಂಡೆ ಹೊರಲಿ ಅಂದ್ರು ಡಾಕ್ಟ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಇವರೇ ಬೇಡ ಅಂದ್ರು. ಅಮ್ಮ ಇಷ್ಟು ವರ್ಷ ಜೋಪಾನ ಮಾಡಿದ್ದೆಲ್ಲ ಸುಮ್ಮನೆ ಅಂತಾಗಿಬಿಡುತ್ತೆ ಅಂತ."

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸುಳ್ಳು ಹೇಳಿದ ಮಗನ ಮೇಲೋ, ಗೇಟಿನಿಂದ ಹಿಂದಿರುಗಿದ ತನ್ನ ಮೇಲೋ? ಇವನು ನಿಜಕ್ಕೂ ತನ್ನ ಮಗನೇ ಎಂದೂ ಒಂದು ಕ್ಷಣ ಅನುಮಾನವಾಯಿತು. ಅವನ ಅಂಗಿಯ ಗುಂಡಿ ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಬಲಭುಜದ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಒತ್ತಿ ನೋಡಿದಳು. ಬೆರಳು ಇಳಿಯಲಿಲ್ಲ.

"ಬಾರಪ್ಪ ಇಲ್ಲಿ," ಎಂದು ಮೀಸೆಯವನನ್ನು ಕರೆದಳು. "ನಿನ್ನ ಭುಜ ತೋರಿಸು."

ಅವನು ಕಕ್ಕಾಬಿಕ್ಕಿಯಾಗಿ ಸೊಸೆಯ ಮುಖ ನೋಡಿದ. ಆಮೇಲೆ ಅಂಗಿ ಜಾರಿಸಿ, ಮುದುಕಿಯ ಪಕ್ಕದಲ್ಲಿ ಮಂಡಿಯೂರಿ ಬಗ್ಗಿದ. ಅವಳು ಒಂದು ಕೈಯನ್ನು ಅವನ ಭುಜದ ಅಂಥದೇ ಜಡ್ಡಿನ ಮೇಲಿಟ್ಟು, ಇನ್ನೊಂದನ್ನು ಮಗನ ಭುಜದ ಮೇಲೇ ಬಿಟ್ಟು, ಕಣ್ಣು ಮುಚ್ಚಿ ಎರಡನ್ನೂ ಮೆಲ್ಲಗೆ ತಡವಿದಳು.