ಮುಗಿಲಕೆರೆಯ ಅಂಗಾತ ಮೀನು

ಮುಗಿಲಿಗೆ ಇನ್ನೂ ಬಾಗಿಲು ಇದ್ದ ಕಾಲದಲ್ಲಿ, ಒಂದು ಗುಡ್ಡದ ನೆತ್ತಿಯ ಮೇಲೆ ಅಂಗೈಯಷ್ಟು ಕೆರೆ ಇತ್ತಂತೆ. ಒಂದು ವರ್ಷ ಮಳೆರಾಯ ಮುನಿಸಿಕೊಂಡು ಆ ಬಾಗಿಲು ಹಾಕಿಕೊಂಡನಂತೆ. ಕೆರೆ ಬತ್ತತೊಡಗಿತು. ಕಪ್ಪೆ ಮಣ್ಣೊಳಗೆ ಇಳಿಯಿತು, ಬೆಳ್ಳಕ್ಕಿ ಹೊಳೆಯ ಕಡೆ ಹಾರಿತು. ಬೆರಳಿನ ಗೆಣ್ಣಿನಷ್ಟು ಉದ್ದದ ಮೀನುಗಳು ಮಾತ್ರ, "ನಾವು ಹೋದ ಹೊತ್ತಿಗೇ ಬಾಗಿಲು ತೆರೆದರೆ?" ಎಂದು ಅಲ್ಲೇ ಉಳಿದವು. ಮುಗಿಲು ನೋಡುತ್ತಲೇ ಇರಬೇಕಲ್ಲ, ಅದಕ್ಕೆ ಅಂಗಾತ ಮಲಗಿ ಈಜುವುದನ್ನು ಕಲಿತವು. ಕಡೆಯ ಹನಿ ಆರುವ ಮೊದಲು ತತ್ತಿಗಳನ್ನು ಮಣ್ಣಿನ ಉಡಿಗೆ ಹಾಕಿ, "ಅವ ಬಂದಾಗ ಇವರನ್ನ ಎಬ್ಬಿಸು" ಅಂದವು...

ಚಿಕ್ಕವಳಿದ್ದಾಗ ಇಷ್ಟೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು. ಆಯಿಯ ಸೆರಗಿಗೆ ಒಲೆಯ ಹೊಗೆ, ಅಗಸಿ ಚಟ್ನಿಯ ವಾಸನೆ. ಅದು ಮೂಗಿಗೆ ಬಿದ್ದರೆ ಕಣ್ಣು ತಾವೇ ಮುಚ್ಚುತ್ತಿದ್ದವು. ಹಾಗಾಗಿ ಕತೆಯ ಕೊನೆ ನನಗೆ ಗೊತ್ತೇ ಇರಲಿಲ್ಲ.

ಆಯಿ ಅಂದರೆ ನನ್ನ ಅಪ್ಪನ ಅವ್ವ, ರಾಮವ್ವ. ಆ ಕೆರೆ ಅವಳ ತವರಿನ ಗುಡ್ಡದ ಮೇಲೆ, ಹುಕ್ಕೇರಿ ದಿಕ್ಕಿಗೆ ಇದೆ. ಆಡು ಕಾಯಲು ಹೋದಾಗ ಆ ಮೀನುಗಳನ್ನು ಕಣ್ಣಾರೆ ಕಂಡಿದ್ದೇನೆ ಅನ್ನುತ್ತಿದ್ದಳು. ನಾನಂತೂ ನಂಬಿದ್ದೆ.

ಈ ಬೇಸಿಗೆಯಲ್ಲಿ ಅವಳ ಅಕ್ಕ ಸತ್ತೆವ್ವ, ನಮ್ಮ ದೊಡ್ಡಾಯಿ, ಕೌಜಲಗಿಯಿಂದ ಅರಭಾವಿಯ ನಮ್ಮ ಮನೆಗೆ ಬಂದಳು. ನನ್ನ ಅಣ್ಣನ ಮಕ್ಕಳಿಗೆ ಆಯಿ ಅದೇ ಕತೆ ಹೇಳುತ್ತಿದ್ದಾಗ ನಡುವೆ ಬಾಯಿ ಹಾಕಿದಳು.

"ಏ ರಾಮಿ, ಇನ್ನೂ ಬಿಟ್ಟಿಲ್ಲೇನ ಅದನ್ನ? ಆಡ ಕಾಯೂದ ಬಿಟ್ಟು ಕಲ್ಲಿನ ಮ್ಯಾಲ ಗೊರಕಿ ಹೊಡಿಯಾಕತ್ತಿದ್ದಿ. ಅಂಗಾತ ಇದ್ದದ್ದು ಮೀನಲ್ಲ, ನೀನ!"

ಮಕ್ಕಳು ಬಿದ್ದು ಬಿದ್ದು ನಕ್ಕವು. ಆಯಿ ನಗಲಿಲ್ಲ. ಮರುದಿನ ಅವು ಕೌದಿ ಹಾಸಿಕೊಂಡು ಕಾದರೆ, "ಕತಿ ತೀರ್ಯಾವು, ಮಕ್ಕೋರ್ರಿ" ಅಂದಳು. ಅಂದಿನಿಂದ ಒಂದೂ ಕತೆ ಇಲ್ಲ. ಮನೆಯೊಳಗಿನ ಒಂದು ದೀಪವನ್ನೇ ಯಾರೋ ಒಯ್ದಂತೆ ನನಗಾಯಿತು.

"ಆಯಿ, ಮಿರಗದ ಮಳಿ ಬೀಳಲಿ. ನಿನ್ನ ಮೀನಿಂದು ಫೋಟೋ ತರ್ತೇನಿ. ಆಮ್ಯಾಲ ಕತಿ ಹೇಳಾಕ ಬೇಕ ನೋಡ."

"ನೋಡೂಣು" ಅಂದಳು, ಅಷ್ಟೇ.

ಮೃಗಶಿರಾ ಮಳೆ ಬಿತ್ತು. ಕೆರೆ ತುಂಬಿ ಕೆಲ ದಿನ ಕಳೆಯಲಿ ಎಂದು ಕಾದೆ. ದೊಡ್ಡಾಯಿ ಊರಿಗೆ ಹೊರಡುವ ಮಾತು ತೆಗೆದಿದ್ದರಿಂದ, ಗೆಳತಿ ಸಂಘಮಿತ್ರಾಳನ್ನು ಕರೆದುಕೊಂಡು ಹೊರಟೇಬಿಟ್ಟೆ. ಅವಳು ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಕೈಮರದ ಹತ್ತಿರ ಇಳಿದು, ಆಡಿನ ದಾರಿ ಹಿಡಿದೆವು. ದಾರಿ ತುಂಬ ಮಖಮಲ್ಲಿನಂಥ ಕೆಂಪು ಮಿರಗದ ಹುಳ. ತುಳಿಯಬಾರದೆಂದು ಇಬ್ಬರೂ ಕುಣಿಯುತ್ತ ಹತ್ತಿದೆವು.

ಮೇಲೆ ಹೋದರೆ ಗುಡ್ಡ ಕಣ್ಣು ಬಿಟ್ಟು ಮುಗಿಲು ನೋಡುತ್ತ ಮಲಗಿದಂತಿತ್ತು ಆ ಕೆರೆ. ಸುತ್ತ ಕೆಂಪು ಕಲ್ಲು, ಅಂಚಿಗೆ ಗುಂಡುಸೂಜಿಯಂಥ ಬಿಳಿ ಹೂ, ಟಿಟ್ಟಿಭದ ಕೂಗು. ಬಗ್ಗಿ ನೋಡಿದೆ. ಮೊದಲು ಏನೂ ಇಲ್ಲ. ಆಮೇಲೆ ನೀರೇ ಅಲ್ಲಲ್ಲಿ ಗಾಜಾಗಿ ಚಲಿಸತೊಡಗಿತು. ಗಾಜಿನ ಮೈ, ಕುಂಕುಮದ ಬಾಲ, ಸಾಸಿವೆ ಕಾಳಿನ ಕಣ್ಣು. ಕಾಲುಗಳೆಲ್ಲ ನಮ್ಮ ಕಡೆಗೇ ಎತ್ತಿ, ಸೀರೆಯ ನಿರಿಗೆ ಗಾಳಿಗೆ ಆಡಿದಂತೆ ಆಡಿಸುತ್ತ, ಖರೇನೇ ಅಂಗಾತ!

"ಮೀನಲ್ಲಲೇ ಇವು, ಸಿಗಡಿ ಬಳಗ" ಅಂದಳು ಸಂಘಮಿತ್ರಾ. "ತತ್ತಿ ಒಣಾ ಮಣ್ಣಾಗ ವರ್ಷಗಟ್ಲೆ ಮಲಗಿರ್ತಾವಂತ, ಮಳಿ ಬಿದ್ರ ಒಡಿತಾವ. ಇದಕ್ಕಿಂತ ಹೆಚ್ಚ ಕೇಳಬ್ಯಾಡ. ನಾ ಓದೂದು ಪ್ಯಾರಲ ಹಣ್ಣಿನ ಬಗ್ಗೆ."

ಫೋಟೋ ಮಾತ್ರ ಬರಲೊಲ್ಲದು. ನೀರಿನ ಮೇಲೆ ಮೋಡದ ನೆರಳು, ಗಾಳಿಯ ಅಲೆ. ಒಂದೆರಡನ್ನು ನೀರಿನ ಬಾಟಲಿಯಲ್ಲಿ ಹಿಡಿದೆವು. ಮೋಡ ಕವಿದು ಮಬ್ಬಾಗಿತ್ತು. ಕರೆಂಟು ಹೋದಾಗ ಮನೆಯಲ್ಲಿ ಮಾಡುವ ಹಾಗೆ, ಅವಳ ಫೋನಿನ ಟಾರ್ಚ್ ಹಚ್ಚಿ ಅದರ ಮೇಲೆ ಬಾಟಲಿ ಇಟ್ಟೆ. ಬಾಟಲಿ ಕಂದೀಲಿನಂತೆ ಬೆಳಗಿತು. ನಾನು ಆ ಬೆಳಕಿನೊಳಗೇ ಕಳೆದುಹೋಗಿ ಫೋಟೋ ತೆಗೆದೆ, ಅವನ್ನು ನೀರಿಗೆ ಬಿಟ್ಟೆ, ಹಾಡುತ್ತ ಇಳಿದೆ.

ಮನೆಗೆ ಬಂದು ಫೋನನ್ನು ದೊಡ್ಡಾಯಿಯ ಕೈಗಿಟ್ಟೆ. ಅವಳು ಮೂಗಿಗೆ ಚಾಳೀಸು ಏರಿಸಿ ನೋಡಿದಳು.

"ಚಂದ ಅದಾವ. ಆದ್ರ ಅಂಗಾತ ಎಲ್ಲೈತಿ? ಬೆನ್ನ ಮ್ಯಾಲ, ಕಾಲ ಕೆಳಗ. ಎಲ್ಲಾ ಮೀನಿನಂಗ."

ಇಣುಕಿದೆ. ಹೌದು. ಗಾಬರಿಯಲ್ಲಿ ಫೋನನ್ನೇ ತಿರುಗಿಸಿ ಹಿಡಿದೆ.

"ಹಂಗಾದ್ರ ನನ್ನ ಫೋಟೋನೂ ತಿರುವಿ ಹಿಡಿ. ನಾನೂ ಬಾವಲಿ ಆಗತೇನಿ!"

ಆಯಿ ಬಹಳ ಹೊತ್ತು ಆ ಚಿತ್ರ ನೋಡಿದಳು. "ಅಕ್ಕ ಹೇಳಿದ್ದ ಖರೆ ಇರಬೇಕ" ಅಂದಳು ಮೆಲ್ಲಗೆ. "ನಾ ನಿದ್ದಿಗಣ್ಣಾಗ ಕಂಡೇನಿ."

ಅವಳು ನನ್ನೆದುರಿಗೇ ತನ್ನ ಕಣ್ಣಿನ ಮೇಲಿನ ನಂಬಿಕೆಯನ್ನು ಬಿಟ್ಟುಕೊಟ್ಟಳು.

ಹಿತ್ತಲ ಕಟ್ಟೆಯ ಮೇಲೆ ಅವಳ ತೊಡೆಗೆ ತಲೆ ಇಟ್ಟೆ. "ಆಯಿ, ಆ ಕತಿ ಕೊನಿ ಏನಿತ್ತ? ನಾ ಎಂದೂ ಕೇಳೇ ಇಲ್ಲ."

"ಸುಳ್ಳ ಕತಿಗೆ ಕೊನಿ ಯಾಕ ಬೇಕ?"

"ನನ ಸಲುವಾಗಿ."

ನಿಟ್ಟುಸಿರು ಬಿಟ್ಟು ಹೇಳಿದಳು. "ಮಳೆರಾಯ ಕೇಳಿದನಂತ, ನಾ ಯಾವ ದಿಕ್ಕಿನ ಬಾಗಲಾ ತೆರೀತೇನೋ ನಿಮಗ ಹೆಂಗ ತಿಳಿಬೇಕ ಅಂತ. ಬೆಳಕ ಯಾವ ಕಡಿಂದ ಬಂದ್ರೂ ಆ ಕಡಿಗೆ ಎದಿ ಕೊಟ್ಟ ಮಲಗತೇವಿ ಅಂದವು ಮೀನ. ಮುಗೀತ."

ದಡಕ್ಕನೆ ಎದ್ದು ಕುಳಿತೆ. ಟಾರ್ಚ್! ಬೆಳಕನ್ನು ಕೆಳಗೆ ಇಟ್ಟವಳು ನಾನೇ. ಅವು ಕೆಳಗಿನ ಬೆಳಕಿಗೆ ಎದೆ ಕೊಟ್ಟು ಮಗುಚಿದ್ದವು.

ಮರುದಿನ ಬೆಳಿಗ್ಗೆಯೇ ಮತ್ತೆ ಗುಡ್ಡ ಹತ್ತಿದೆವು. "ನಿಮ್ಮ ಆಯಿ ಕತಿ ಹೇಳ್ತಾಳ, ನನ್ನ ಚಪ್ಪಲಿ ಹರಿತಾವ" ಎಂದು ಗೊಣಗುತ್ತಲೇ ಸಂಘಮಿತ್ರಾ ಜೇನುತುಪ್ಪದ ಚೌಕ ಬಾಟಲಿ ತಂದಿದ್ದಳು. ಅದರಲ್ಲಿ ಒಂದು ಮೀನನ್ನು ಹಿಡಿದು, ಕೆರೆಗೆ ಬೆನ್ನು ಮಾಡಿ ನಿಂತು, ಬಾಟಲಿಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದಳು. ಮುಗಿಲು ಬಿಟ್ಟರೆ ಬೇರೆ ದೀಪವಿಲ್ಲ. ಮೀನು ಒಮ್ಮೆ ನಡುಗಿತು, ಹೊರಳಿತು, ಅಂಗಾತವಾಗಿ ನಿರಿಗೆ ಆಡಿಸತೊಡಗಿತು. ನಾನು ಉಸಿರು ಹಿಡಿದು ಫೋಟೋ ತೆಗೆದೆ.

ದೊಡ್ಡಾಯಿ ಚೀಲ ಕಟ್ಟಿ ಪಡಸಾಲೆಯಲ್ಲಿ ಕುಳಿತಿದ್ದಳು. ಆಯಿ ಕಂಬಕ್ಕೆ ಒರಗಿದ್ದಳು, ಈ ಕಡೆ ನೋಡದೆ. ನಾನು ಫೋನು ಕೊಟ್ಟೆ.

"ಮತ್ತ ತಿರುವಿ ಹಿಡದಿಯೇನ?" ಎನ್ನುತ್ತ ದೊಡ್ಡಾಯಿ ಅದನ್ನು ತಲೆಕೆಳಗು ಮಾಡಿದಳು. ಮೀನು ನೆಟ್ಟಗಾಯಿತು. ಆದರೆ ಮೋಡ ಅಡಿಗೆ ಬಿತ್ತು, ಗುಡ್ಡ ಜೋತುಬಿತ್ತು, ಸಂಘಮಿತ್ರಾಳ ಜಡೆ ಹಾವಿನಂತೆ ಮೇಲಕ್ಕೆದ್ದು ನಿಂತಿತು.

"ಅಯ್ಯ ಯವ್ವಾ, ಕೆರಿ ಚೆಲ್ಲತೈತಿ!"

ತುಂಬಿದ ಕೊಡವನ್ನು ಇಳಿಸುವಂತೆ ಎರಡೂ ಕೈಯಿಂದ ಫೋನನ್ನು ನೆಟ್ಟಗೆ ಮಾಡಿದಳು. ಗುಡ್ಡ ಕುಳಿತಿತು, ನೀರು ನಿಂತಿತು. ಅದರ ನಡುವೆ, ಕಾಲೆತ್ತಿ, ಮುಗಿಲಿಗೆ ಎದೆ ಕೊಟ್ಟು, ಅದು.

ದೊಡ್ಡಾಯಿ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಹೂಂ" ಅಂದಳು. "ಅಂಗಾತಾನ ಐತಿ, ರಾಮವ್ವ."

ಆಯಿ ಕಂಬ ಬಿಟ್ಟು ಎದ್ದಳು. ಗೂಟದ ಮೇಲಿನ ಕೌದಿ ಜಾಡಿಸಿ ಹಾಸಿದಳು. "ಎಲ್ಲಿ ಸತ್ವು ಆ ಹುಡುಗರು?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ಬರ್ರ್ಯೋ, ಕತಿ ಹೇಳತೇನಿ!"