ಚಿಟಿಕೆ ಹೊಡೆಯುವ ಪಾಠ

“ಬೈಯೋಕೂ ಬರಲ್ವೇನೇ ಮುಂಡೇದೇ ನಿಂಗೆ? ಬಾಯಲ್ಲೇನು ಹತ್ತಿ ತುರುಕ್ಕೊಂಡಿದೀಯಾ?” ಎಂದು ತರಬೇತಿಯ ಮೇಷ್ಟರು ಪೊರಕೆಯವ್ವನ ಮೇಲೆ ಹರಿಹಾಯ್ದರು.

ಪೊರಕೆಯವ್ವ ತಾನು ಕುಳಿತಿದ್ದ ಮೆತ್ತನೆಯ ಸೀಟಿನಲ್ಲಿ ಇನ್ನಷ್ಟು ಮುದುಡಿಕೊಂಡಳು. ಅವಳಿಗೆ ಬೈಯಲು ಬಾರದೆಂದಲ್ಲ. ಬೀದಿ ನಲ್ಲಿಯ ಬಳಿ ತನ್ನ ಬಿಂದಿಗೆ ಸರಿಸಿದವರ ಸತ್ತ ಅಜ್ಜಂದಿರನ್ನೂ ಎಬ್ಬಿಸಿ ಕೂರಿಸಿದ ನಾಲಿಗೆ ಅದು. ಆದರೆ ಅಲ್ಲಿ ಬಿಂದಿಗೆ ಎಂಬ ಒಂದು ಕಾರಣವಿರುತ್ತಿತ್ತು.

“ಬರತ್ತೆ ಸ್ವಾಮಿ. ಆದ್ರೆ ಆ ಹುಡುಗಿ ಏನೂ ತಪ್ಪು ಮಾಡಿಲ್ವಲ್ಲ,” ಎಂದಳು.

“ಏನೂ ಮಾಡದೋರನ್ನ ಬೈಯೋರಿಗೇ ಕಣೇ ದೊಡ್ಡೋರು ಅನ್ನೋದು.”

ಪಕ್ಕದ ಸೀಟಿನಲ್ಲಿದ್ದ ಗಾರೆಯಣ್ಣ ಹೌದೌದೆಂದು ತಲೆಯಾಡಿಸಿದ. ಅವನಿಗೆ ಇದು ಹೊಸ ಪಾಠವಾಗಿರಲಿಲ್ಲ. ಪಾಠದ ಈ ಬದಿಯಲ್ಲಿ ಕುಳಿತದ್ದಷ್ಟೇ ಹೊಸದು.

ಅದು ಗಗನಸಖಿಯರನ್ನು ತಯಾರಿಸುವ ಶಾಲೆ. ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮುದಿ ವಿಮಾನವೊಂದು ಇಟ್ಟಿಗೆಯ ಕಂಬಗಳ ಮೇಲೆ ಕುಳಿತಿತ್ತು. ಅದರ ರೆಕ್ಕೆಗಳನ್ನು ಗುಜರಿಯವನು ಎಂದೋ ಕೊಯ್ದುಕೊಂಡು ಹೋಗಿದ್ದ. ಕಿಟಕಿಗಳಿಗೆಲ್ಲ ಮೋಡದ ಚಿತ್ರ ಅಂಟಿಸಿದ್ದರು. ಎಲ್ಲ ಕಿಟಕಿಗಳಲ್ಲೂ ಅದೇ ಒಂದು ಮೋಡ, ಎಲ್ಲಿಗೂ ಹೋಗಲಾರದ ಮೋಡ. ಆ ಮೋಡದ ಮೇಲಿನ ಧೂಳನ್ನು ಪೊರಕೆಯವ್ವ ಪ್ರತಿದಿನ ಬೆಳಿಗ್ಗೆ ಒರೆಸುತ್ತಿದ್ದಳು. ಅವಳ ಗುಡಿಸುವ ಕೆಲಸಕ್ಕೆ ಸಂಬಳವಿಲ್ಲ, ಅವಳ ಮಗಳ ಕಲಿಕೆಗೆ ಶುಲ್ಕವಿಲ್ಲ ಎಂಬುದು ಒಪ್ಪಂದ. ಇಂದು ಆ ಒಪ್ಪಂದದ ಫಲ ಕೈಗೆ ಬರಬೇಕಾದ ದಿನ. ವಿಮಾನ ಕಂಪನಿಯ ಸಾಹೇಬರು ಬಂದು ಪರೀಕ್ಷೆ ಮಾಡಿ, ಒಬ್ಬಳೇ ಒಬ್ಬಳನ್ನು ಕೆಲಸಕ್ಕೆ ಆರಿಸುವವರಿದ್ದರು.

ಪರೀಕ್ಷೆಗೆ ಬೈಯುವ, ಸತಾಯಿಸುವ ಪ್ರಯಾಣಿಕರು ಬೇಕು. ಹಾಗೆ ನಟಿಸುವುದಕ್ಕೆಂದು ಗೊತ್ತುಮಾಡಿದ್ದ ನಾಟಕದವರು ಬೇರೆಲ್ಲೋ ಹೆಚ್ಚು ಸಿಕ್ಕಿತೆಂದು ಕೈಕೊಟ್ಟರು. ಮೇಷ್ಟರು ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಆಳುಗಳನ್ನು ಹಿಡಿದುತಂದರು. ಸಾಲದ್ದಕ್ಕೆ ಪೊರಕೆಯವ್ವನ ಕೈಯಿಂದ ಪೊರಕೆ ಕಸಿದು ಅವಳನ್ನೂ ಕೂರಿಸಿದರು. ಎಲ್ಲರಿಗೂ ಫೋಟೋ ಸ್ಟುಡಿಯೋದಿಂದ ತರಿಸಿದ ಕೋಟುಗಳು. ಸ್ಟುಡಿಯೋದ ಕೋಟಿಗೆ ಬೆನ್ನಿರುವುದಿಲ್ಲ, ಹಿಂದೆ ದಾರ ಕಟ್ಟುತ್ತಾರೆ. ಹೀಗಾಗಿ ಮುಂದಿನಿಂದ ನೋಡಿದರೆ ಸಾಹುಕಾರರು, ಹಿಂದಿನಿಂದ ನೋಡಿದರೆ ಸಿಮೆಂಟು ಮೆತ್ತಿದ ಬೆನ್ನುಗಳು. ಪೊರಕೆಯವ್ವನಿಗೆ ಕೋಟಿನೊಂದಿಗೆ ಕಪ್ಪು ಕನ್ನಡಕವೂ ದೊರೆಯಿತು.

“ರೆಕ್ಕೆ ಇಲ್ವಲ್ಲೋ ಇದಕ್ಕೆ,” ಎಂದು ಮೂಟೆ ಹೊರುವ ತಾತ ಗಾರೆಯಣ್ಣನ ಕಿವಿಯಲ್ಲಿ ಉಸುರಿದ.

“ಇದು ಹಾರಲ್ಲ ತಾತ.”

“ಹಾರದಿದ್ರೆ ಸೊಂಟಕ್ಕೆ ಬೆಲ್ಟ್ ಯಾಕೆ ಬಿಗಿದ್ರು?”

“ನಾವು ಎದ್ದು ಓಡಿಹೋಗ್ಬಾರ್ದು ಅಂತ.”

ಪಾಠ ಮುಂದುವರಿಯಿತು. ತಲೆಯ ಮೇಲೊಂದು ಗುಂಡಿ. ಒತ್ತಿದರೆ ಟಿಂಗ್ ಎಂದು ಸದ್ದಾಗಿ ದೀಪ ಹತ್ತುತ್ತದೆ, ಹುಡುಗಿ ಬರುತ್ತಾಳೆ. ತಾತ ಒತ್ತಿದ. ಹುಡುಗಿ ಬಂದಳು. ತಾತ ಬೆಲ್ಟಿನೊಳಗೇ ಅರ್ಧ ಎದ್ದು ಕೈಮುಗಿದು, ತಪ್ಪಾಯಿತು ತಾಯಿ, ಕೈ ತಗುಲಿಬಿಟ್ಟಿತು ಎಂದ. ಗಾರೆಯಣ್ಣನಿಗೆ ನೀರು ಕೇಳಲು ಹೇಳಿದರೆ ಬೆಲ್ಟು ಬಿಚ್ಚಿ ತಾನೇ ಎದ್ದುಹೋಗಿ ಜಗ್ಗು ತಂದು ಎಲ್ಲರಿಗೂ ಕುಡಿಸಿದ. ಮೇಷ್ಟರಿಗೂ ಒಂದು ಲೋಟ ಕೊಟ್ಟ. ಪೊರಕೆಯವ್ವ ಅಂತೂ ಹುಡುಗಿಯನ್ನು ಕರೆದು, ನಿಂತು ನಿಂತು ಕಾಲು ಸೋತಿರಬೇಕು, ಸ್ವಲ್ಪ ಕೂತುಕೊ ಎಂದಳು. ಮೇಷ್ಟರು ಹಣೆ ಚಚ್ಚಿಕೊಂಡರು.

“ಥೂ ಬೋಳಿಮಕ್ಳಾ, ಹುಟ್ಟಿದಾಗಿಂದ ಬೈಸ್ಕೊಂಡಿದೀರಲ್ಲ, ನೋಡಿಯಾದ್ರೂ ಕಲೀಬಾರ್ದಾ? ಮುಖ ನೋಡ್ಬೇಡಿ. ದಯವಿಟ್ಟು ಅನ್ಬೇಡಿ. ಅವಳ ಕೈಯಲ್ಲಿ ಟ್ರೇ ಇದ್ದಾಗಲೇ ಕರೀಬೇಕು, ಸೆರಗು ಹಿಡಿದು ಜಗ್ಗಬೇಕು. ಚಿಟಿಕೆ ಹೊಡೀರಿ.”

ಚಿಟಿಕೆ ಹೊಡೆಯಲು ಯಾರಿಂದಲೂ ಆಗಲಿಲ್ಲ. ಗಾರೆಯಣ್ಣನ ಬೆರಳುಗಳನ್ನು ಸುಣ್ಣ ತಿಂದಿತ್ತು. ತಾತನ ಹೆಬ್ಬೆರಳು ಮೂಟೆಯ ಹಗ್ಗಕ್ಕೆ ಸಿಕ್ಕು ಎಂದೋ ಸೊಟ್ಟಗಾಗಿತ್ತು. ಫಿನಾಯಿಲ್ ನೀರಿನಲ್ಲಿ ನೆನೆದು ನೆನೆದು ಗೆರೆಯೇ ಅಳಿಸಿಹೋಗಿದ್ದ ಪೊರಕೆಯವ್ವನ ಬೆರಳುಗಳು ಒಂದರ ಮೇಲೊಂದು ಸುಮ್ಮನೆ ಜಾರಿದವು. ಇಡೀ ವಿಮಾನ ಮೌನವಾಗಿ ಚಿಟಿಕೆ ಹೊಡೆಯಿತು. ದೊಡ್ಡಸ್ತಿಕೆಗೂ ಒಂದು ಜೊತೆ ಒಳ್ಳೆಯ ಬೆರಳು ಬೇಕೆಂದು ಆಗ ಎಲ್ಲರಿಗೂ ತಿಳಿಯಿತು.

ಮೇಷ್ಟರು ಅತ್ತ ಸಾಲುನಿಂತ ಹುಡುಗಿಯರ ಕಡೆ ತಿರುಗಿ, ನಿತ್ಯದ ಮಂತ್ರವನ್ನು ಮತ್ತೊಮ್ಮೆ ಹೇಳಿಸಿದರು: ಕರೆ ಬಂದರೆ ನಿಂತಿರುವವರು ಹೋಗಬೇಕು, ಕರೆದವರು ಯಾರು, ಯಾಕೆ ಎಂದು ಕೇಳುವ ಹಾಗಿಲ್ಲ, ನಗು ಇಳಿಯುವ ಹಾಗಿಲ್ಲ. ಆಯುಷ್ಯದ ಅರ್ಧವನ್ನು ಆಕಾಶದಲ್ಲಿ ಟ್ರೇ ಹಿಡಿದು ಕಳೆದು, ಕೂದಲು ನೆರೆತ ಮೇಲೆ ನೆಲಕ್ಕಿಳಿಸಲ್ಪಟ್ಟ ಮನುಷ್ಯ ಅವರು. ಮಂತ್ರ ಹೇಳುವಾಗ ಅವರ ತುಟಿಗಳೂ ತಾವಾಗಿ ಅಗಲವಾದವು.

ಸಾಲಿನ ಕೊನೆಯಲ್ಲಿ ಪೊರಕೆಯವ್ವನ ಮಗಳಿದ್ದಳು. ಅವಳ ನಗುವನ್ನು ಕಂಡರೆ ತಾಯಿಗೆ ಒಂದು ಬಗೆಯ ಅಂಜಿಕೆ. ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಕೊಂಡು ಕನ್ನಡಿಯ ಮುಂದೆ ಪಳಗಿಸಿದ ನಗು ಅದು; ಈಗೀಗ ನಿದ್ದೆಯಲ್ಲೂ ಇಳಿಯುತ್ತಿರಲಿಲ್ಲ. ಸೋದರಮಾವ ತೀರಿಕೊಂಡ ಸುದ್ದಿ ಬಂದಾಗ ಮಗಳ ಕಣ್ಣಲ್ಲಿ ಧಾರೆಯಾಗಿ ನೀರು, ತುಟಿಯ ಮೇಲೆ ತಟ್ಟನೆ ಬಂದು ಕೂತ ಆ ನಗು. ನೆಂಟರು ಇಂದಿಗೂ ಆಡಿಕೊಳ್ಳುತ್ತಾರೆ. ಕೆಲಸ ಸಿಗಲಿ, ಸಿಕ್ಕಮೇಲೆ ನಗದೆ ಇರಬಹುದು ಎಂದು ಮಗಳು ಸಮಾಧಾನ ಹೇಳಿದ್ದಳು. ಪೊರಕೆಯವ್ವ ನಂಬಿದ್ದಳು.

ಸಾಹೇಬರು ಬಂದರು. ಬಾಗಿಲ ಬಳಿ ನಿಂತು, ಪ್ರಯಾಣಿಕರನ್ನು ಮುಂದಿನಿಂದ ಮಾತ್ರ ನೋಡಿ, ಜನ ಒಳ್ಳೆಯ ಮನೆತನದವರಂತೆ ಕಾಣುತ್ತಾರೆ ಎಂದು ಮೆಚ್ಚಿದರು. ಒಬ್ಬೊಬ್ಬಳಾಗಿ ಹುಡುಗಿಯರು ಟ್ರೇ ಹಿಡಿದು ಬಂದುಹೋದರು. ಕೊನೆಗೆ ಮಗಳು ಬಂದಳು. ಅವಳ ನಡಿಗೆಗೆ ಲೋಟದ ನೀರೂ ಅಲುಗಲಿಲ್ಲ. ಸಾಹೇಬರ ಹುಬ್ಬು ಮೇಲೇರಿದ್ದನ್ನು ಪೊರಕೆಯವ್ವ ಕಪ್ಪು ಕನ್ನಡಕದೊಳಗಿಂದಲೇ ಕಂಡಳು. ಮಗಳು ಬಾಗಿ ಲೋಟ ನೀಡಿದಾಗ ಒಂದು ಎಳೆ ಕೂದಲು ಜಾರಿ ಕೆನ್ನೆಯ ಮೇಲೆ ಬಿತ್ತು. ತಾಯಿಯ ಕೈ ತಡೆಯಲಿಲ್ಲ. ಅದು ತಾನಾಗಿ ಎದ್ದು, ಆ ಎಳೆಯನ್ನು ಕಿವಿಯ ಹಿಂದೆ ಸಿಕ್ಕಿಸಿ, ಕೆನ್ನೆಯನ್ನು ಒಮ್ಮೆ ಸವರಿ ಹಿಂದಿರುಗಿತು.

“ಏನದು?” ಎಂದರು ಸಾಹೇಬರು.

ಮೇಷ್ಟರು ಬೆವರಿದರು, ತಡವರಿಸುತ್ತ ವಿಷಯ ಒಪ್ಪಿಕೊಂಡರು. ಈಕೆ ಗುಡಿಸುವವಳು, ಆ ಹುಡುಗಿ ಇವಳ ಮಗಳು. ಸಾಹೇಬರು ಸಿಟ್ಟಾಗಲಿಲ್ಲ. ಅವರ ಮುಖದಲ್ಲಿ ಒಂದು ಹೊಸ ಯೋಚನೆಯ ಬೆಳಕು ಮೂಡಿತು, ಸಿಟ್ಟಾಗಿದ್ದರೇ ವಾಸಿಯಿತ್ತು.

“ಒಳ್ಳೇದೇ ಆಯ್ತು. ಪರರು ಬೈದ್ರೆ ಯಾರು ಬೇಕಾದ್ರೂ ನಗ್ತಾರೆ. ಹೆತ್ತವಳೇ ಮುಖಕ್ಕೆ ನೀರು ಎರಚಿದಾಗ ನಗ್ತಾಳಾ ನೋಡೋಣ. ನಕ್ರೆ ಕೆಲಸ ಅವಳದೇ. ಎರಚಮ್ಮಾ.”

ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಪೊರಕೆಯವ್ವ ಲೋಟವನ್ನು ನೋಡಿದಳು, ಮಗಳನ್ನು ನೋಡಿದಳು. ಮಗಳು ನಗುತ್ತಲೇ, ತುಟಿ ಅಲುಗಿಸದೆ ಪಿಸುಗುಟ್ಟಿದಳು.

“ಎರಚವ್ವಾ. ನೀರೇ ತಾನೆ.”

ಹೌದು, ನೀರೇ. ಈ ಮುಖದ ಮೇಲೆ ಮೊದಲ ನೀರು ಹಾಕಿದ್ದೂ ಇದೇ ಕೈ. ಕಣ್ಣಿಗೆ ಹೋಗದಿರಲೆಂದು ಅಂದು ಹಣೆಗೆ ಅಂಗೈಯನ್ನು ಅಡ್ಡ ಹಿಡಿದಿತ್ತು. ಎರಚಿದರೆ ಮಗಳು ಮೇಲೆ ಹಾರುತ್ತಾಳೆ. ಎರಚದಿದ್ದರೆ ನಾಳೆ ಅವಳ ಕೈಗೂ ಒಂದು ಪೊರಕೆ.

ಪೊರಕೆಯವ್ವ ಲೋಟವೆತ್ತಿದಳು. ಎತ್ತಿ, ಗಟಗಟನೆ ಕುಡಿದಳು. ಬಾಯಿ ಒರೆಸಿಕೊಂಡಳು.

“ಏಯ್, ಕುಡಿ ಅಂತ ಹೇಳಿದ್ನಾ?” ಸಾಹೇಬರು ಗುಡುಗಿದರು.

“ನಾನು ಪ್ರಯಾಣ ಮಾಡೋಳು. ನಂಗೆ ಹೇಳೋಕೆ ನೀವ್ಯಾರು?”

ಹೀಗೆಂದು ಅವಳು ಬೆರಳುಗಳನ್ನು ಕೋಟಿನ ಒರಟು ತೋಳಿಗೆ ಉಜ್ಜಿ, ಕೈಯನ್ನು ತಲೆಯ ಮೇಲೆತ್ತಿ, ಚಿಟಿಕೆ ಹೊಡೆದಳು. ಈ ಬಾರಿ ಒಣ ಕಡ್ಡಿ ಮುರಿದಂತೆ ಸದ್ದಾಯಿತು.

“ನೀರು ತಗೊಂಬಾರೋ.”

ಕರೆದದ್ದು ಯಾರನ್ನೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಆ ಸದ್ದಿಗೆ ಮೇಷ್ಟರ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಒಂದು ಕೈ ಹಿಂದಕ್ಕೆ ಹೋಯಿತು. ತುಟಿಗಳು ಅಗಲವಾದವು. ಎಷ್ಟೋ ವರ್ಷಗಳ ಆಕಾಶ ಅವರ ಕಾಲಿನೊಳಗಿಂದ ಎದ್ದು ನಡೆಯಿತು. ನಿಲ್ಲಯ್ಯಾ ಎಂದು ಸಾಹೇಬರು ಕೂಗುತ್ತಿದ್ದರೂ ಅವರು ನಗುತ್ತ ಹೋಗಿ, ನಗುತ್ತ ಬಂದು, ಟ್ರೇಯಲ್ಲಿ ಲೋಟ ನೀಡಿ, ಮುಂದಿನದು ಅಭ್ಯಾಸವಾಗಿದ್ದವರಂತೆ ಕಣ್ಣು ಮುಚ್ಚಿ ಮುಖವೊಡ್ಡಿ ನಿಂತರು.

ಬೆಳಿಗ್ಗೆಯಿಂದ ಬೈದ ಬಾಯಿ ಅದು. ಪೊರಕೆಯವ್ವ ಲೋಟ ಎತ್ತಿಕೊಂಡು ಆ ಮುಚ್ಚಿದ ರೆಪ್ಪೆಗಳು ಅದುರುವುದನ್ನು ನೋಡುತ್ತ ಕುಳಿತಳು. ಕೊನೆಗೆ ಕಪ್ಪು ಕನ್ನಡಕ ತೆಗೆದಿಟ್ಟಳು.

“ಕೂತ್ಕೊಳ್ಳಿ ಮೇಷ್ಟ್ರೇ. ನಿಮಗೂ ಕಾಲು ಸೋತಿರ್ಬೇಕು.”

ಮೇಷ್ಟರು ಕಣ್ಣು ತೆರೆದರು. ಎದುರಿಗಿದ್ದ ಖಾಲಿ ಸೀಟಿನಲ್ಲಿ, ಯಾರೋ ತಳ್ಳಿದಂತೆ ಕುಸಿದು ಕುಳಿತರು.

ಆಗ ಮಗಳ ಮುಖದಿಂದ ನಗು ಇಳಿಯತೊಡಗಿತು. ಒಮ್ಮೆಲೇ ಅಲ್ಲ, ಹಳೆಯ ಗೋಡೆಯ ಸುಣ್ಣದಂತೆ ಮೊದಲು ಒಂದು ಮೂಲೆ, ಆಮೇಲೆ ಇನ್ನೊಂದು. ಅದರ ಕೆಳಗಿದ್ದ ಮುಖವನ್ನು ತಾಯಿ ಬಹಳ ದಿನಗಳ ಮೇಲೆ ನೋಡಿದಳು. ಮಗಳು ಟ್ರೇಯನ್ನು ನೆಲಕ್ಕಿಟ್ಟು, ಅವ್ವನ ಇನ್ನೊಂದು ಪಕ್ಕದಲ್ಲಿ ಕುಳಿತು, ಬೆಲ್ಟು ಬಿಗಿದುಕೊಂಡಳು.

“ಕೆಲಸ ಹೋಯ್ತಲ್ಲೇ,” ಎಂದಳು ಪೊರಕೆಯವ್ವ.

“ಹೋಯ್ತು.”

ಸ್ವಲ್ಪ ಹೊತ್ತು ಇಬ್ಬರೂ ಕಿಟಕಿಯ ಮೋಡವನ್ನೇ ನೋಡಿದರು.

“ಎಲ್ರೂ ಎದ್ದು ಇಳೀರಿ, ಸೂಳೆಮಕ್ಳಾ,” ಎಂದು ಸಾಹೇಬರು ಅರಚಿದರು. ಬೆನ್ನಿಲ್ಲದ ಕೋಟುಗಳು ಸೀಟಿಗೆ ಇನ್ನಷ್ಟು ಆತುಕೊಂಡವು.

ಮಗಳು ಕೈ ಮೇಲೆತ್ತಿ ಗುಂಡಿ ಒತ್ತಿದಳು. ಟಿಂಗ್.

ಹಿಂದಿನ ಸಾಲಿನಲ್ಲಿ ತಾತ ತನ್ನ ಸೊಟ್ಟ ಹೆಬ್ಬೆರಳಿನಿಂದ ಒತ್ತಿದ. ಈ ಬಾರಿ ಅವನು ಕೈಮುಗಿಯಲಿಲ್ಲ. ಗಾರೆಯಣ್ಣ ಒತ್ತಿದ. ಮೇಷ್ಟರೂ, ಯಾರ ಮುಖವನ್ನೂ ನೋಡದೆ, ಒತ್ತಿದರು. ಸಾಲಿನಲ್ಲಿದ್ದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ, ಸಿಕ್ಕ ಸೀಟುಗಳಲ್ಲಿ ಕುಳಿತು, ತಮ್ಮ ತಲೆಯ ಮೇಲಿನ ಗುಂಡಿಗಳನ್ನು ಹುಡುಕಿದರು. ರೆಕ್ಕೆಯಿಲ್ಲದ ವಿಮಾನದ ಉದ್ದಕ್ಕೂ ದೀಪಗಳು ಹತ್ತಿದವು.

ಎಲ್ಲರೂ ಕುಳಿತಿದ್ದರು. ನಿಂತಿದ್ದವರು ಸಾಹೇಬರೊಬ್ಬರೇ.

ಗುಂಡಿ ಒತ್ತಿದವರೆಲ್ಲ ಕಾಯುತ್ತ ಅವರ ಕಡೆಗೇ ನೋಡಿದರು.